ಅರಸರ ಸೀಮೆ, ಗಡಿಯಾಚೆಯ ಶಿಬಿರ

1947ರವರೆಗೂ ಕುದುರೆಮುಖದ ಬೆಟ್ಟಸಾಲು ಎರಡು ಆಳ್ವಿಕೆಗಳ ಗಡಿಯಾಗಿತ್ತು. ಇತ್ತ ಕಳಸ, ಮೂಡಿಗೆರೆ ಮೈಸೂರು ಮಹಾರಾಜರವು. ಘಟ್ಟ ಇಳಿದರೆ ಸಿಗುವ ಕಾರ್ಕಳ, ಬೆಳ್ತಂಗಡಿ ಮದ್ರಾಸ್ ಪ್ರಾಂತ್ಯದವು. ಅರಸೊತ್ತಿಗೆಯಡಿ ಜನಾಧಿಕಾರ ಕೇಳಿದವರಿಗೆ ಇಂಥ ಗಡಿಗಳೇ ಆಸರೆಯಾದವು.

ಇಂಥವರು ಗಡಿ ದಾಟಿ ಕೈಜೋಡಿಸುವುದೂ ಹೊಸದಲ್ಲ. ಯುರೋಪಿನಲ್ಲಿ ಸ್ವೀಡನ್, ನಾರ್ವೆ, ಡೆನ್ಮಾರ್ಕ್, ಬ್ರಿಟನ್ ಮೊದಲಾದ ಕಡೆಯ ಗಣರಾಜ್ಯವಾದಿಗಳು ಒಕ್ಕೂಟ ಕಟ್ಟಿದ್ದು 2010ರಲ್ಲಿ. ಭಾರತದ ಸಂಸ್ಥಾನಗಳ ಹೋರಾಟಗಾರರು 1927ರಲ್ಲೇ ಮುಂಬಯಿಯಲ್ಲಿ ಸೇರಿ ಅಖಿಲ ಭಾರತ ಸಂಸ್ಥಾನ ಪ್ರಜಾ ಪರಿಷತ್ತನ್ನು ಹುಟ್ಟುಹಾಕಿದ್ದರು. ರಾಜನೇ ಬೇಡ ಎಂದು ಮಾತ್ರ ಅವರು ಹೇಳಲಿಲ್ಲ. ಮಹಾರಾಜರ ಛತ್ರಛಾಯೆಯಲ್ಲೇ ಜವಾಬ್ದಾರಿ ಸರ್ಕಾರ, ಅಂದರೆ ಜನಪ್ರತಿನಿಧಿಗಳಿಗೆ ಉತ್ತರಿಸುವ ಸರ್ಕಾರ ಕೊಡಿ ಎಂದರು. ಅದನ್ನು ಅಂಜುಬುರುಕತನ ಎನ್ನುವುದು ಸುಲಭ. ಆದರೆ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರನ್ನು ಜನ ಅಷ್ಟು ಪ್ರೀತಿಸುತ್ತಿದ್ದ ಮೈಸೂರಿನಲ್ಲಿ ಬೇರೆ ಮಾತು ನಡೆಯುತ್ತಿರಲಿಲ್ಲ.

ಹೊರಗಿನವರ ನೆರವೂ ಸಲೀಸಾಗಿ ಸಿಗಲಿಲ್ಲ. 1937ರ ಅಕ್ಟೋಬರಿನಲ್ಲಿ ಕಲ್ಕತ್ತೆಯಲ್ಲಿ ಸೇರಿದ ಅಖಿಲ ಭಾರತ ಕಾಂಗ್ರೆಸ್ ಸಮಿತಿ ಮೈಸೂರಿನ ದಮನವನ್ನು ಖಂಡಿಸಿದಾಗ ಗಾಂಧೀಜಿಯೇ ಆಕ್ಷೇಪಿಸಿದರು. ಸಂಸ್ಥಾನದ ಜನ ತಮ್ಮ ಕಾಲ ಮೇಲೆ ತಾವೇ ನಿಲ್ಲಲಿ ಎಂದು 1938ರ ಫೆಬ್ರವರಿಯಲ್ಲಿ ಹರಿಪುರ ಅಧಿವೇಶನವೂ ಹೇಳಿತು.

ಆ ನಿಲುವು ಎರಡು ತಿಂಗಳಲ್ಲೇ ಸಡಿಲವಾಯಿತು. ಏಪ್ರಿಲ್‌ನಲ್ಲಿ ಮದ್ದೂರಿನ ಶಿವಪುರದಲ್ಲಿ ನಿಷೇಧ ಮುರಿದು ತ್ರಿವರ್ಣ ಬಾವುಟ ಹಾರಿತು. 25ರಂದು ವಿದುರಾಶ್ವತ್ಥದಲ್ಲಿ ಬಾವುಟಕ್ಕಾಗಿ ನೆರೆದವರ ಮೇಲೆ ಪೊಲೀಸರು ಗುಂಡು ಹಾರಿಸಿದರು; ಹೆಣಗಳು ಉರುಳಿದವು. ಗಾಂಧೀಜಿ ಸರ್ದಾರ್ ಪಟೇಲ್ ಮತ್ತು ಕೃಪಲಾನಿಯವರನ್ನು ಕಳಿಸಿದರು. ದಿವಾನ್ ಮಿರ್ಜಾ ಇಸ್ಮಾಯಿಲ್ ಜೊತೆ ಒಪ್ಪಂದವಾಯಿತು: ಸಮಾರಂಭಗಳಲ್ಲಿ ಮೈಸೂರು ಧ್ವಜದ ಜೊತೆಗೇ ಕಾಂಗ್ರೆಸ್ ಧ್ವಜ, ಪಕ್ಷದ ಸಭೆಗಳಲ್ಲಿ ಕಾಂಗ್ರೆಸ್ ಧ್ವಜವೊಂದೇ. ಪ್ರಾಣ ತೆತ್ತ ಊರಿನವರಿಗೆ ಇದು ತೀರಾ ಸಣ್ಣ ಗೆಲುವು. ಜವಾಬ್ದಾರಿ ಸರ್ಕಾರಕ್ಕೆ ಇನ್ನೂ ಒಂಬತ್ತು ವರ್ಷ ಕಾಯಬೇಕಾಯಿತು.

1947ರ ಸೆಪ್ಟೆಂಬರಿನಲ್ಲಿ ಅದಕ್ಕಾಗಿಯೇ ‘ಮೈಸೂರು ಚಲೋ’ ಚಳವಳಿ ಶುರುವಾಯಿತು. ದೇಶ ಸ್ವತಂತ್ರವಾಗಿದ್ದರೂ ಮೈಸೂರಿನಲ್ಲಿ ದಿವಾನರ ಆಡಳಿತವೇ ನಡೆದಿತ್ತು. ಚಳವಳಿಗಾರರು ಗಡಿಯಾಚೆ ಮುಂಬಯಿ, ಮದ್ರಾಸ್ ಪ್ರಾಂತ್ಯಗಳಲ್ಲಿ ಶಿಬಿರ ಹೂಡಿ ಒಳನುಗ್ಗಿದರು. ಮೈಸೂರು ಪೊಲೀಸರ ಅಧಿಕಾರ ಗಡಿಕಲ್ಲಿಗೇ ಮುಗಿಯುತ್ತಿತ್ತು. ಅಕ್ಟೋಬರಿನಲ್ಲಿ ಅರಮನೆ ಮಣಿಯಿತು, ಕೆ.ಸಿ. ರೆಡ್ಡಿ ಮುಖ್ಯಮಂತ್ರಿಯಾದರು.

ಹೈದರಾಬಾದ್ ನಿಜಾಮನ ಸೀಮೆಯ ಕನ್ನಡಿಗರೂ ಇದೇ ದಾರಿ ಹಿಡಿದಿದ್ದರು. ಅಳವಂಡಿಯ ಶಿವಮೂರ್ತಿಸ್ವಾಮಿ ಮುಂಬಯಿ ಪ್ರಾಂತ್ಯದ ಮುಂಡರಗಿಯಲ್ಲಿ ಶಿಬಿರ ಕಟ್ಟಿದ್ದರು. ಆದರೆ ನಿಜಾಮ ಮಾತಿಗೆ ಬಗ್ಗಲಿಲ್ಲ. ಮೈಸೂರಿನಲ್ಲಿ ಜನರ ಸರ್ಕಾರ ಬಂದ ಮೇಲೂ ಆ ಕನ್ನಡಿಗರ ಹೋರಾಟ ಸುಮಾರು ಒಂದು ವರ್ಷ ಎಳೆದು, ಭಾರತ ಸೇನೆ ನುಗ್ಗಿದ ಬಳಿಕ, 1948ರ ಸೆಪ್ಟೆಂಬರ್ 17ರಂದು ಮುಗಿಯಿತು.