ವಿಳಾಸ ತಪ್ಪಿದರೆ ಮನೆ ಕಳೆದಂತಲ್ಲ



ನಾನು ಭೋಸರಿಯ ಸಣ್ಣ ಕಾರ್ಖಾನೆಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುವವಳು. ಇವತ್ತು ಕಂಪ್ಯೂಟರಿನ ಒಂದು ಪುಟ್ಟ ವಿಷಯ ಹೇಳುತ್ತೇನೆ. ಕಚೇರಿಗೆ ಹೋಗುವ ನಮ್ಮಂಥವರಿಗೆ ಉಪಯೋಗಕ್ಕೆ ಬಂದೀತು.

ಅಂದು ಗಣಪತಿ ಹಬ್ಬದ ಮುಂಚಿನ ಸೋಮವಾರ. ಕಾರ್ಮಿಕರಿಗೆ ಸಂಬಳ ಹಾಕಲೇಬೇಕು. ಸಂಬಳದ ಪ್ರೋಗ್ರಾಮಿನ ಶಾರ್ಟ್‌ಕಟ್ ಒತ್ತಿದರೆ ತೆರೆಯಲೊಲ್ಲದು. ಐಕಾನ್ ಬಿಳಿ ಹಾಳೆಯಂತಾಗಿತ್ತು. "ಈ ಶಾರ್ಟ್‌ಕಟ್ ಅಳಿಸಲೇ?" ಎಂದು ಕಂಪ್ಯೂಟರೇ ಕೇಳಿತು. ನನ್ನ ಎದೆ ಧಸಕ್ಕೆಂದಿತು. ಇಷ್ಟು ವರ್ಷದ ಲೆಕ್ಕವೆಲ್ಲ ಹೋಯಿತೇ? ಕಂಪ್ಯೂಟರ್ ನೋಡಿಕೊಳ್ಳುವ ಹುಡುಗ ಹಬ್ಬಕ್ಕೆಂದು ಊರಿಗೆ ಹೋಗಿದ್ದ, ಫೋನು ಸಿಗಲಿಲ್ಲ. "ಮೇಡಮ್, ನೀವು ಏನೂ ಮುಟ್ಟಬೇಡಿ" ಎಂದರು ಪಕ್ಕದವರು.

ಮ್ಯಾನೇಜರಿಗೆ ತಿಳಿಸಿ, ಧೈರ್ಯ ಮಾಡಿ ಮುಟ್ಟಿದೆ. ಆದರೆ ಅಳಿಸಲು ಒಪ್ಪಲಿಲ್ಲ. ಏಕೆಂದರೆ ಶಾರ್ಟ್‌ಕಟ್ ಎಂದರೆ ಪ್ರೋಗ್ರಾಮ್ ಅಲ್ಲ, ಅದರ ವಿಳಾಸ ಬರೆದ ಚೀಟಿ ಅಷ್ಟೇ. ಚೀಟಿ ಹರಿದರೆ ಮನೆ ಬೀಳುವುದಿಲ್ಲ ನಿಜ, ಆದರೆ ಹುಡುಕಲು ಇರುವ ಸುಳಿವೂ ಹೋಗುತ್ತದೆ.

ಮೌಸಿನ ಬಲಗುಂಡಿ ಒತ್ತಿ, ಪ್ರಾಪರ್ಟೀಸ್‌ನಲ್ಲಿ ಟಾರ್ಗೆಟ್ ಸಾಲು ಓದಿದೆ. ಝಡ್ ಡ್ರೈವ್ ಎಂದಿತ್ತು. 'ದಿಸ್ ಪಿಸಿ' ತೆರೆದು ನೋಡಿದರೆ ಝಡ್ ಮೇಲೆ ಕೆಂಪು ಗುರುತು. ಎಷ್ಟೋ ಸಲ ಅದನ್ನೇ ಎರಡು ಬಾರಿ ಕ್ಲಿಕ್ ಮಾಡಿದರೆ ಸಂಪರ್ಕ ಮರಳುತ್ತದೆ. ನನಗೆ ಮರಳಲಿಲ್ಲ.

ಸ್ಟೋರ್ಸ್ ವಿಭಾಗದ ಕಂಪ್ಯೂಟರಿನಲ್ಲಿ ನೋಡಿದೆ. ಅಲ್ಲಿ ಪ್ರೋಗ್ರಾಮ್ ಸಲೀಸಾಗಿ ತೆರೆಯಿತು! ಅಂದರೆ ಲೆಕ್ಕ ಭದ್ರ, ತೊಂದರೆ ನನ್ನ ಕಂಪ್ಯೂಟರಿನದು. ಅಲ್ಲಿ ಝಡ್ ಪಕ್ಕದಲ್ಲಿ ಸರ್ವರಿನ ಹೆಸರೇ ಬೇರೆ ಇತ್ತು. ರಜೆಗೆ ಮುಂಚೆ ಹುಡುಗ ಹೊಸ ಸರ್ವರ್ ಕೂರಿಸಿದ್ದ, ನನ್ನ ಕಂಪ್ಯೂಟರಿಗೆ ತಿಳಿಸುವುದು ಮರೆತಿದ್ದ.

ಝಡ್ ಎನ್ನುವುದು ರೂಢಿಯ ಹೆಸರು. ಲಕಡಿ ಪುಲ್ ಎಂದರೆ ಪುಣೆಯವರಿಗೆ ತಿಳಿಯುತ್ತದೆ, ಸಂಭಾಜಿ ಪುಲ್ ಎಂಬ ಹೆಸರನ್ನಷ್ಟೇ ಬಲ್ಲ ಹೊಸಬರಿಗೆ ತಿಳಿಯದು. ಹಾಗೆಯೇ ಝಡ್ ಎಂದರೆ ಯಾವ ಜಾಗ ಎಂಬುದನ್ನು ಪ್ರತಿ ಕಂಪ್ಯೂಟರಿಗೂ ಬೇರೆಬೇರೆಯಾಗಿ ಹೇಳಿಕೊಡಬೇಕು.

ಹೊಸ ವಿಳಾಸವನ್ನು ಕಾಗದದಲ್ಲಿ ಬರೆದುಕೊಂಡು ಬಂದೆ. ಹಳೆಯ ಝಡ್ ಅನ್ನು ಡಿಸ್‌ಕನೆಕ್ಟ್ ಮಾಡಿದೆ. 'ಮ್ಯಾಪ್ ನೆಟ್‌ವರ್ಕ್ ಡ್ರೈವ್'ನಲ್ಲಿ ಮತ್ತೆ ಝಡ್ ಅಕ್ಷರವನ್ನೇ ಆರಿಸಿ, ಎರಡು ಬ್ಯಾಕ್‌ಸ್ಲ್ಯಾಶ್ ಹಾಕಿ ಹೊಸ ಸರ್ವರಿನ ಹೆಸರು, ಫೋಲ್ಡರಿನ ಹೆಸರು ಬರೆದೆ. 'ರೀಕನೆಕ್ಟ್ ಅಟ್ ಸೈನ್-ಇನ್' ಎಂಬಲ್ಲಿ ಗುರುತು ಹಾಕಿದೆ. ಅದಿಲ್ಲದಿದ್ದರೆ ಮರುದಿನ ಮತ್ತೆ ಅದೇ ಗೋಳು. ಅಕ್ಷರ ಅದೇ ಇದ್ದುದರಿಂದ ಹಳೆಯ ಶಾರ್ಟ್‌ಕಟ್ಟೇ ಕೆಲಸ ಮಾಡಿತು.

ಮಧ್ಯಾಹ್ನದೊಳಗೆ ಸಂಬಳ ಹೋಯಿತು. ಹಬ್ಬಕ್ಕೆ ಊರಿಗೆ ಹೊರಟವರು ನಗುತ್ತಾ ಹೊರಟರು.

ಗೆಳತಿಯರೇ, ನಾಳೆ ಕಚೇರಿಗೆ ಹೋದಾಗ ಒಂದು ಕೆಲಸ ಮಾಡಿ. ನೀವು ದಿನಾ ಬಳಸುವ ಶಾರ್ಟ್‌ಕಟ್‌ಗಳ ಟಾರ್ಗೆಟ್ ಸಾಲನ್ನೂ ಡ್ರೈವಿನ ಪಕ್ಕದ ಸರ್ವರ್ ಹೆಸರನ್ನೂ ಡೈರಿಯಲ್ಲಿ ಬರೆದಿಡಿ. "ಅಳಿಸಲೇ?" ಎಂದು ಕೇಳಿದರೆ ಮೊದಲು ಬೇಡ ಎನ್ನಿ, ಆಮೇಲೆ ಓದಿ ನೋಡಿ. "ನಿಮಗೆ ತಿಳಿಯದು" ಎಂದವರ ಮಾತಿಗೆ ಹೆದರಿ ಕೈಕಟ್ಟಿ ಕೂರಬೇಡಿ.