ಬೆಳಗಾಯಿತೆಂದು ಹೇಳುವವರು ಯಾರು?



ಕಳೆದ ವಾರ ನಮ್ಮ ಮಹಲ್ಲಿನ ಒಬ್ಬ ತಾಯಿ ಬಂದಿದ್ದರು. ಮಗನಿಗೆ 22 ವರ್ಷ, ಆಟಿಸಂ ಇದೆ. "ಉಸ್ತಾದರೇ, ಶಾಲೆ ಮುಗಿದು ನಾಲ್ಕು ವರ್ಷವಾಯಿತು. ಈಗಲೂ ಬೆಳಿಗ್ಗೆ ಎಂಟಕ್ಕೆ ಚೀಲ ಹಿಡಿದು ಗೇಟಿನ ಬಳಿ ನಿಲ್ಲುತ್ತಾನೆ. ವ್ಯಾನು ಬರುವುದಿಲ್ಲ" ಎಂದರು. ನಾವು ದುಆ ಮಾಡಿ ಕಳುಹಿಸಿದೆವು. ಆದರೆ ನಮ್ಮ ಹೊಣೆ ಅಲ್ಲಿಗೆ ಮುಗಿಯಿತೇ?

ಮದೀನಾದ ಮಸೀದಿಯಲ್ಲಿ ಹಝ್ರತ್ ಬಿಲಾಲ್(ರ)ರ ಜೊತೆ ಇನ್ನೊಬ್ಬ ಮುಅದ್ಸಿನ್ ಇದ್ದರು, ಹಝ್ರತ್ ಅಬ್ದುಲ್ಲಾ ಇಬ್ನ್ ಉಮ್ಮು ಮಕ್ತೂಮ್(ರ). ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. ಬಿಲಾಲರ ಅಝಾನ್ ರಾತ್ರಿ ಇರುವಾಗಲೇ ಆಗುತ್ತಿತ್ತು. ಉಪವಾಸಿಗರು ಊಟ ನಿಲ್ಲಿಸಬೇಕಾದದ್ದು ಇಬ್ನ್ ಉಮ್ಮು ಮಕ್ತೂಮರ ಅಝಾನ್ ಕೇಳಿದಾಗ. ಇಡೀ ಪಟ್ಟಣದ ಉಪವಾಸ ಅವರ ಕರೆಯನ್ನು ಕಾಯುತ್ತಿತ್ತು. ಬೆಳಕು ಕಾಣದವರು ಅದನ್ನು ನಿಭಾಯಿಸಿದ್ದು ಹೇಗೆ? ಬೆಳಗಾಯಿತೆಂದು ಜನರು ಹೇಳುತ್ತಿದ್ದರು, ಅವರು ಅಝಾನ್ ಕೊಡುತ್ತಿದ್ದರು. ಪ್ರವಾದಿ(ಸ)ರು ಅವರಿಗೆ ನಿಜವಾದ ಕೆಲಸ ಕೊಟ್ಟರು. ಕೊರತೆಯಿದ್ದಷ್ಟನ್ನು ಸುತ್ತಲಿನವರು ತುಂಬಿದರು.

ಆಟಿಸಂ ಇರುವ ನಮ್ಮ ಮಕ್ಕಳಿಗೂ ಬೇಕಾದದ್ದು ಇದೇ. ಎಲ್ಲರೂ ಒಂದೇ ರೀತಿ ಇರುವುದಿಲ್ಲ. ಕೆಲವರಿಗೆ ಮಾತು ಕಡಿಮೆ, ಕೆಲವರಿಗೆ ಗದ್ದಲ ತಡೆಯದು, ಕೆಲವರಿಗೆ ದಿನದ ಕ್ರಮ ತಪ್ಪಿದರೆ ಕಳವಳ. ಅವರಲ್ಲಿ ಅನೇಕರು ಒಂದು ಕೆಲಸವನ್ನು ಕಲಿತರೆ ಅಚ್ಚುಕಟ್ಟಾಗಿ ಮಾಡುತ್ತಾರೆ. ಔಷಧದ ಅಂಗಡಿಯಲ್ಲಿ ಬಂದ ಮಾಲನ್ನು ಜೋಡಿಸುವುದು, ಬೇಕರಿಯಲ್ಲಿ ಪೊಟ್ಟಣ ಕಟ್ಟುವುದು, ಕಂಪ್ಯೂಟರಿನಲ್ಲಿ ಬಿಲ್ಲು ದಾಖಲಿಸುವುದು, ಇಂಥವು ಅವರಿಗೆ ಒಗ್ಗಬಹುದು. ಯಾವುದು ಒಗ್ಗುತ್ತದೆಂದು ಮೊದಲು ಅವರನ್ನೂ ಮನೆಯವರನ್ನೂ ಕೇಳೋಣ. ಕೆಲಸವನ್ನು ಚಿತ್ರಗಳಲ್ಲಿ ಬರೆದು ಗೋಡೆಗೆ ಅಂಟಿಸೋಣ. ಹೇಳಿಕೊಡಲು ಒಬ್ಬರೇ ಇರಲಿ, ಸಮಯ ಬದಲಾಗುವುದಿದ್ದರೆ ಮುಂಚೆಯೇ ತಿಳಿಸೋಣ, ಕೂರಲು ಸದ್ದು ಕಡಿಮೆಯಿರುವ ಮೂಲೆ ಕೊಡೋಣ. ಇದಕ್ಕೆ ದೊಡ್ಡ ಖರ್ಚಿಲ್ಲ.

ಕೂಲಿಯ ವಿಷಯದಲ್ಲಿ ಎಚ್ಚರವಿರಲಿ. ಅವನು ಲೆಕ್ಕ ಕೇಳುವುದಿಲ್ಲವೆಂದು ಚಹಾ-ತಿಂಡಿ ಕೊಟ್ಟು ದುಡಿಸುವುದು ಅನ್ಯಾಯ. ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂಬ ಪ್ರವಾದಿ(ಸ)ರ ಬೋಧನೆ ಅವನಿಗೂ ಸಲ್ಲುತ್ತದೆ.

ಹೆತ್ತವರು ನಾಚಿಕೆಯಿಂದ ಮಕ್ಕಳನ್ನು ಅಡಗಿಸಿಡಬಾರದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿರುವ 21 ವೈಕಲ್ಯಗಳಲ್ಲಿ ಆಟಿಸಂ ಕೂಡ ಒಂದು. ಸರ್ಕಾರಿ ಹುದ್ದೆಗಳಲ್ಲಿರುವ ಶೇ. 4 ಮೀಸಲಾತಿಯಲ್ಲಿ ಇವರಿಗೂ ಪಾಲಿದೆ. ಯುಡಿಐಡಿ ಗುರುತಿನ ಚೀಟಿ ಮಾಡಿಸಿಕೊಳ್ಳಿ.

"ನಮ್ಮ ನಂತರ ಇವನಿಗೆ ಯಾರು?" ಇದು ಆ ತಾಯಂದಿರ ನಿದ್ದೆ ಕೆಡಿಸುವ ಪ್ರಶ್ನೆ. ಉತ್ತರ ಕೊಡಬೇಕಾದದ್ದು ಜಮಾಅತ್. ಅಂಗಡಿ, ಗೋದಾಮು, ಕಾರ್ಖಾನೆ ಇರುವ ಸಹೋದರರು ದಿನಕ್ಕೆ ಎರಡು ಗಂಟೆಯ ಕೆಲಸವಾದರೂ ಇದ್ದರೆ ನಮಾಝಿನ ನಂತರ ನಮಗೆ ತಿಳಿಸಿ. ಮಸೀದಿಯ ಗ್ರಂಥಾಲಯದಲ್ಲಿ ಪುಸ್ತಕ ಜೋಡಿಸಿ ಪಟ್ಟಿ ಮಾಡುವ ಕೆಲಸವಿದೆ. ಮೊದಲ ಸಂಬಳ ನಾವೇ ಕೊಡುತ್ತೇವೆ.

ಆ ಯುವಕ ಗೇಟಿನ ಬಳಿ ಕಾಯುತ್ತಿದ್ದಾನೆ. ಬೆಳಗಾಯಿತೆಂದು ಅವನಿಗೆ ಹೇಳುವವರಲ್ಲಿ ಅಲ್ಲಾಹನು ನಮ್ಮನ್ನು ಸೇರಿಸಲಿ. ಆಮೀನ್.