ಗ್ರಾಮೀಣ ವ್ಯಾಪಾರದಲ್ಲಿ ದಿನನಿತ್ಯದ ಆನ್‌ಲೈನ್ ಸುರಕ್ಷತೆ: ಸದಸ್ಯರ ಹೊಣೆ

(ಗ್ರಾಮ ಪಂಚಾಯತಿ ಸದಸ್ಯರ ತರಬೇತಿ ಕಾರ್ಯಕ್ರಮದಲ್ಲಿ ನೀಡಿದ ಉಪನ್ಯಾಸದ ಪಠ್ಯ)

2016ರಲ್ಲಿ ಯುಪಿಐ ಆರಂಭವಾದ ನಂತರ ಹಳ್ಳಿಯ ವ್ಯಾಪಾರದ ರೂಪ ಬದಲಾಗಿದೆ. ಕಿರಾಣಿ ಅಂಗಡಿ, ಗೊಬ್ಬರದ ಅಂಗಡಿ, ಹಿಟ್ಟಿನ ಗಿರಣಿ, ಸ್ವಸಹಾಯ ಸಂಘಗಳ ಮಳಿಗೆ ಮುಂತಾದ ಕಡೆಗಳಲ್ಲಿ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಕ್ಯೂಆರ್ ಕೋಡ್ ಬಂದು ನಿಂತಿದೆ. ರಾತ್ರಿ ಅಂಗಡಿಗೆ ಬೀಗ ಹಾಕಿ ಎರಡು ಸಲ ಎಳೆದು ನೋಡುವ ವ್ಯಾಪಾರಿಯು ಮೊಬೈಲಿನ ವಿಷಯದಲ್ಲಿ ಅಷ್ಟೇ ಎಚ್ಚರ ವಹಿಸುವುದು ಅಪರೂಪ. ವಂಚಕನು ಸಾಮಾನ್ಯವಾಗಿ ಯಂತ್ರವನ್ನು ಭೇದಿಸುವುದಿಲ್ಲ. ಮನುಷ್ಯನ ಅವಸರ, ಭಯ ಮತ್ತು ಆಸೆಗಳನ್ನು ಬಳಸಿಕೊಳ್ಳುತ್ತಾನೆ. ಆದ್ದರಿಂದ ರಕ್ಷಣೆಯೂ ದುಬಾರಿ ತಂತ್ರಾಂಶಕ್ಕಿಂತ ಹೆಚ್ಚಾಗಿ ದಿನನಿತ್ಯದ ರೂಢಿಯಲ್ಲಿದೆ.

ವ್ಯಾಪಾರಿಗಳು ರೂಢಿಸಿಕೊಳ್ಳಬೇಕಾದ ಕ್ರಮಗಳು

1. ಅಂಗಡಿಯ ಕ್ಯೂಆರ್ ಕೋಡಿನ ಮೇಲೆ ಬೇರೊಂದು ಚೀಟಿಯನ್ನು ಅಂಟಿಸುವ ವಂಚನೆಯಿದೆ. ಬೆಳಿಗ್ಗೆ ಬಾಗಿಲು ತೆರೆದೊಡನೆ ಕೋಡನ್ನು ಸ್ಕ್ಯಾನ್ ಮಾಡಿ, ತೆರೆಯ ಮೇಲೆ ತನ್ನದೇ ಹೆಸರು ಬರುತ್ತದೆಯೇ ಎಂದು ನೋಡಬೇಕು.

2. ಗ್ರಾಹಕರು ತೋರಿಸುವ ಚಿತ್ರ ಹಣ ಬಂದುದಕ್ಕೆ ಸಾಕ್ಷಿಯಲ್ಲ. ನಕಲಿ ಆ್ಯಪ್‌ಗಳೂ ಅಂತಹ ಚಿತ್ರವನ್ನು ತೋರಿಸುತ್ತವೆ. ಸ್ವಂತ ಖಾತೆಯಲ್ಲಿ ಜಮೆಯನ್ನು ಖಚಿತಪಡಿಸಿಕೊಂಡ ನಂತರವೇ ಸರಕು ಕೊಡಬೇಕು.

3. ಹಣ ಪಡೆಯಲು ಯುಪಿಐ ಪಿನ್ ಬೇಕಿಲ್ಲ. "ಮುಂಗಡ ಕಳುಹಿಸುತ್ತೇವೆ, ಪಿನ್ ಒತ್ತಿ" ಎಂದು ಯಾರಾದರೂ ಹೇಳಿದರೆ ಕರೆಯನ್ನು ಅಲ್ಲಿಗೇ ನಿಲ್ಲಿಸಬೇಕು.

4. ಸಗಟು ವ್ಯಾಪಾರಿಯ ಹೆಸರಿನಲ್ಲಿ "ಖಾತೆ ಬದಲಾಗಿದೆ, ಇನ್ನು ಮುಂದೆ ಇಲ್ಲಿಗೆ ಹಾಕಿ" ಎಂಬ ಸಂದೇಶ ಬಂದರೆ, ಮೊದಲಿನಿಂದ ತಮ್ಮಲ್ಲಿರುವ ಸಂಖ್ಯೆಗೆ ಕರೆ ಮಾಡಿ ವಿಚಾರಿಸಬೇಕು. ಇಲ್ಲಿ ತಪ್ಪಿದರೆ ಮುಂಗಾರಿನ ಇಡೀ ಬಂಡವಾಳ ಒಂದೇ ಪಾವತಿಯಲ್ಲಿ ಹೋಗಬಹುದು.

5. ಮದುವೆಯ ಆಮಂತ್ರಣ, ವಾಹನ ದಂಡದ ಚಲನ್, ಸರ್ಕಾರಿ ಯೋಜನೆ ಎಂದು ವಾಟ್ಸ್‌ಆ್ಯಪ್‌ನಲ್ಲಿ ಬರುವ ಎಪಿಕೆ ಕಡತಗಳನ್ನು ಮೊಬೈಲಿಗೆ ಹಾಕಿಕೊಳ್ಳಬಾರದು. ಅವು ಬ್ಯಾಂಕಿನ ಒಟಿಪಿ ಸಂದೇಶಗಳನ್ನೇ ಕದ್ದು ಓದಬಲ್ಲವು.

6. ಲೆಕ್ಕವು ಕಂಪ್ಯೂಟರಿನಲ್ಲಿದ್ದರೆ ವಾರಕ್ಕೊಮ್ಮೆ ಪ್ರತಿ ತೆಗೆದು, ಆ ಪೆನ್‌ಡ್ರೈವನ್ನು ಬೇರ್ಪಡಿಸಿ ಇಡಬೇಕು. ಕೆಲಸದವರು ಬಿಟ್ಟುಹೋದ ದಿನವೇ ಪಾಸ್‌ವರ್ಡ್ ಬದಲಿಸಬೇಕು.

ವಂಚನೆ ನಡೆದ ನಂತರ

ಎಚ್ಚರವಿದ್ದವರೂ ಮೋಸ ಹೋಗುವುದುಂಟು. ಆಗ ಹೆಚ್ಚಿನ ನಷ್ಟಕ್ಕೆ ಕಾರಣವಾಗುವುದು ನಾಚಿಕೆ. ಸಂಘದ ಹಣ ಕಳೆದುಕೊಂಡ ಪ್ರತಿನಿಧಿಯು "ಊರವರು ಏನೆಂದಾರು" ಎಂದು ಅಂಜಿ ಎರಡು ದಿನ ಸುಮ್ಮನಿದ್ದರೆ, ಅಷ್ಟರಲ್ಲಿ ಹಣ ಹಲವು ಖಾತೆಗಳನ್ನು ದಾಟಿ ನಗದಾಗಿರುತ್ತದೆ. 1930 ಸಹಾಯವಾಣಿಗೆ ಕೂಡಲೇ ತಿಳಿಸಿದರೆ, ಹಣ ಇನ್ನೂ ಖಾತೆಯಲ್ಲಿರುವಾಗಲೇ ಅದನ್ನು ತಡೆಹಿಡಿಯಲು ಬ್ಯಾಂಕುಗಳಿಗೆ ಅವಕಾಶ ದೊರೆಯುತ್ತದೆ. ಜೊತೆಗೆ ತಮ್ಮ ಬ್ಯಾಂಕಿಗೂ ತಿಳಿಸಿ ದೂರು ಸಂಖ್ಯೆ ಪಡೆಯಬೇಕು. ಅನಧಿಕೃತ ವಹಿವಾಟುಗಳ ಕುರಿತ ರಿಸರ್ವ್ ಬ್ಯಾಂಕಿನ ನಿಯಮಗಳಂತೆ, ಗ್ರಾಹಕರ ಅಜಾಗರೂಕತೆಯಿಂದ ನಷ್ಟವಾಗಿದ್ದರೂ, ಬ್ಯಾಂಕಿಗೆ ತಿಳಿಸಿದ ನಂತರ ಆಗುವ ನಷ್ಟ ಬ್ಯಾಂಕಿನದು. ಹೀಗೆ ಪ್ರತಿಯೊಂದು ಗಳಿಗೆಗೂ ಬೆಲೆಯಿದೆ. ಪರರ ಸೋಗಿನಲ್ಲಿ ಕಂಪ್ಯೂಟರ್ ಅಥವಾ ಮೊಬೈಲ್ ಮೂಲಕ ವಂಚಿಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 66ಡಿ ಕಲಮಿನಡಿ ಮೂರು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದಾದ ಅಪರಾಧ. ಅಪರಾಧಿ ವಂಚಿಸಿದವನೇ ಹೊರತು ವಂಚನೆಗೊಳಗಾದವರಲ್ಲ.

ಸದಸ್ಯರು ಮಾಡಬಹುದಾದುದು

ಈ ಮಾತನ್ನು ಊರಿನಲ್ಲಿ ಗಟ್ಟಿಯಾಗಿ ಹೇಳಬಲ್ಲವರು ಸದಸ್ಯರು. ಮೋಸ ಹೋದವರನ್ನು ಹಂಗಿಸದೆ, ಅವರ ಪಕ್ಕದಲ್ಲಿ ಕುಳಿತು 1930ಕ್ಕೆ ಕರೆ ಮಾಡಿಸುವುದೇ ದೊಡ್ಡ ನೆರವು. ಪಂಚಾಯತಿ ಕಚೇರಿ, ಬಾಪೂಜಿ ಸೇವಾ ಕೇಂದ್ರ, ಹಾಲಿನ ಡೇರಿ ಮತ್ತು ನ್ಯಾಯಬೆಲೆ ಅಂಗಡಿಗಳ ಗೋಡೆಯ ಮೇಲೆ ಈ ಸಂಖ್ಯೆಯನ್ನು ದೊಡ್ಡದಾಗಿ ಬರೆಸಬಹುದು. ವಾರ್ಡ್‌ಸಭೆಯಲ್ಲಿ ಹತ್ತು ನಿಮಿಷವನ್ನು ಈ ವಿಷಯಕ್ಕೆ ಮೀಸಲಿಡಬಹುದು.

ಶಿಸ್ತು ಪಂಚಾಯತಿಯಲ್ಲಿಯೇ ಆರಂಭವಾಗಬೇಕು. ಪಾವತಿಗೆ ಬಳಸುವ ಡಿಜಿಟಲ್ ಸಹಿಯ ಡಾಂಗಲ್ ಮತ್ತು ಅದರ ಪಿನ್ ಸಹಿದಾರರ ಸ್ವಂತ ವಶದಲ್ಲಿಯೇ ಇರಬೇಕು. ಅವುಗಳನ್ನು ಬೇರೊಬ್ಬರ ಮೇಜಿನ ಮೇಲೆ ಬಿಟ್ಟುಹೋಗುವುದು ಸಹಿ ಹಾಕಿದ ಖಾಲಿ ಚೆಕ್ಕನ್ನು ಬಿಟ್ಟುಹೋದಂತೆಯೇ ಸರಿ. ತನ್ನ ಕಚೇರಿಯಲ್ಲಿ ಈ ಕ್ರಮ ಪಾಲಿಸುವ ಪಂಚಾಯತಿಯ ಮಾತಿಗೆ ಅಂಗಡಿಬೀದಿಯಲ್ಲಿಯೂ ತೂಕವಿರುತ್ತದೆ.